ಅಲ್ಲಾಡದ ಮೆಟ್ಟಿಲು

ಪ್ರಯೋಗಶಾಲೆಯಲ್ಲಿ ಆಕೆಯನ್ನು ಎಲ್ಲರೂ ಸಾವಕಾಶಕ್ಕ ಅಂತಲೇ ಕರೆಯುತ್ತಿದ್ದರು. ಯಾರಾದರೂ ವೋಲ್ಟೇಜಿನ ತಿರುಪಿಗೆ ಕೈ ಹಾಕಿದರೆ ಸಾಕು, ಆಕೆಯ ಬಾಯಿಂದ "ಸಾವಕಾಶ, ಸಾವಕಾಶ" ಅಂತ ಹೊರಡುತ್ತಿತ್ತು. ಈ ಮಾತು ಎಷ್ಟು ರೂಢಿಯಾಗಿತ್ತೆಂದರೆ, ಕ್ಯಾಂಟೀನಿನಲ್ಲಿ ಯಾರೋ ಟೀ ಬಗ್ಗಿಸುವಾಗಲೂ ಆಕೆ ಅದನ್ನೇ ಅಂದು ಎಲ್ಲರೂ ನಕ್ಕಿದ್ದುಂಟು. ಆಕೆಯೂ ನಕ್ಕಿದ್ದಳು. ಆಗಿನ್ನೂ ನಗುವಷ್ಟು ತ್ರಾಣವಿತ್ತು.

ಆಕೆಯ ಕೆಲಸವೇ ಅಂಥದ್ದು. ಆ ಹಾಲ್‌ನಲ್ಲಿ ಜೈರೋಟ್ರಾನ್ ಎಂಬ ಕೊಳವೆಗಳನ್ನು ಮಾಡಿ ಪರೀಕ್ಷಿಸುತ್ತಿದ್ದರು. ಆಳೆತ್ತರಕ್ಕಿಂತ ಒಂದಿಷ್ಟು ಹೆಚ್ಚು ಉದ್ದದ, ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದ ಲೋಹದ ಕೊಳವೆ ಅದು. ಅದರ ನಡುವಿಗೆ, ಕರೆಂಟು ಹರಿಸಿದಾಗ ಮಾತ್ರ ಸೆಳೆಯುವ ದೊಡ್ಡ ಅಯಸ್ಕಾಂತ. ಬುಡದಿಂದ ಎಲೆಕ್ಟ್ರಾನುಗಳು ಚಿಮ್ಮುತ್ತವೆ, ಅಯಸ್ಕಾಂತದ ಸೆಳೆತಕ್ಕೆ ಸಿಕ್ಕಿ ಬುಗುರಿಯ ಹಾಗೆ ಗಿರಗಿರ ತಿರುಗುತ್ತಾ ಮೇಲೇರುತ್ತವೆ, ತಾಮ್ರದ ಕಿರಿದಾದ ಕುತ್ತಿಗೆಯೊಂದರಲ್ಲಿ ತಮ್ಮ ಕಸುವನ್ನು ಮಿಲಿಮೀಟರ್ ಅಲೆಗಳಾಗಿ ಕಳಚಿಕೊಡುತ್ತವೆ. ಆ ಅಲೆಗಳು ಪಕ್ಕದ ಒಂದು ಕಿಟಕಿಯಿಂದ ಹೊರಬರುತ್ತವೆ. ಅಡುಗೆಮನೆಯ ಮೈಕ್ರೋವೇವ್ ಒಲೆ ಇದರ ಬಡ ತಮ್ಮ ಅನ್ನಬಹುದು. ಅಂಥ ಸಾವಿರ ಒಲೆಗಳ ಬಿಸಿ ಒಂದೇ ಕಿಟಕಿಯಿಂದ ನುಗ್ಗಬೇಕು. ಎಲ್ಲೋ ದೂರದಲ್ಲಿ ಸೂರ್ಯನ ಬಿಸಿಯನ್ನು ನೆಲದ ಮೇಲೆ ಹುಟ್ಟಿಸಲು ಹೊರಟ ಒಂದು ಯಂತ್ರಕ್ಕೆ ಇಂಥ ಕೊಳವೆಗಳು ಬೇಕಾಗಿದ್ದವು.

ಹೊಸ ಕೊಳವೆಗೆ ಒಮ್ಮೆಲೇ ಪೂರ್ತಿ ಶಕ್ತಿ ಕೊಟ್ಟರೆ ಒಳಗೆ ಕಿಡಿ ಹಾರಿ ಸತ್ತೇ ಹೋಗುತ್ತದೆ. ಅದನ್ನು ಪಳಗಿಸಬೇಕು. ಸ್ವಲ್ಪ ಏರಿಸು, ಕಿಡಿ ಹಾರಿತೋ, ಎರಡು ಹೆಜ್ಜೆ ಇಳಿಸು, ಕಾಯು, ಮತ್ತೆ ಏರಿಸು. ವಾರಗಟ್ಟಲೆ, ತಿಂಗಳುಗಟ್ಟಲೆ ಇದೇ. ಹಟಮಾರಿ ಮಗುವಿಗೆ ತುತ್ತು ತಿನ್ನಿಸಿದವರಿಗೆ ಈ ಕೆಲಸ ಅರ್ಥವಾಗುತ್ತದೆ. ಸಾವಕಾಶಕ್ಕ ಅದನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಮಾಡುತ್ತಿದ್ದಳು. ತಾಳಿದವನು ಬಾಳಿಯಾನು ಅಂತ ಗಾದೆ ಮಾಡಿದವರು ಜೈರೋಟ್ರಾನಿನ ಮುಂದೆ ಒಂದು ದಿನವೂ ಕೂತವರಲ್ಲ.

ಏಕೆಂದರೆ ಅಷ್ಟು ತಾಳಿಯೂ ಒಂದು ಕೊಳವೆಯೂ ಬಾಳಲಿಲ್ಲ. ಮೊದಲನೆಯದು ಎಲ್ಲೋ ಕಣ್ಣಿಗೆ ಕಾಣದ ಬಿರುಕಲ್ಲಿ ಗಾಳಿ ಎಳೆದುಕೊಂಡಿತು. ಎರಡನೆಯದರ ಕಿಟಕಿ ಸೀಳಿತು. ಮೂರನೆಯದರ ಬುಡ ಎಲೆಕ್ಟ್ರಾನ್ ಉಗುಳುವುದನ್ನೇ ಬಿಟ್ಟಿತು. ನಾಲ್ಕನೆಯದು ಎಲ್ಲರಿಗೂ ಆಸೆ ಹುಟ್ಟಿಸಿ, ಕೊನೆಯ ಘಟ್ಟದಲ್ಲಿ ಕುತ್ತಿಗೆ ಕರಗಿಸಿಕೊಂಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸತ್ತ ಕೊಳವೆಯನ್ನು ಗರಗಸದಲ್ಲಿ ಉದ್ದಕ್ಕೆ ಕುಯ್ದು, ತಪ್ಪು ಎಲ್ಲಿ ಅಂತ ನೋಡುವುದು ಅಲ್ಲಿನ ಪದ್ಧತಿ. ಹಾಗೆ ಕುಯ್ದವುಗಳ ಅರ್ಧರ್ಧ ಹೋಳುಗಳು ಹಾಲಿನ ಮೂಲೆಯ ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ಆಕೆ ದಿನಾ ಅವುಗಳ ಮುಂದೆಯೇ ಹಾದು ತನ್ನ ಕುರ್ಚಿಗೆ ಹೋಗಬೇಕಿತ್ತು.

ಐದನೆಯ ಕೊಳವೆ ತಯಾರಾಗುವ ಹೊತ್ತಿಗೆ ಮುಖ್ಯಸ್ಥ ಎಲ್ಲರನ್ನೂ ಕೂರಿಸಿ ಸುದ್ದಿ ಹೇಳಿದ. ವಯಸ್ಸಿನಲ್ಲಿ ಆಕೆಗಿಂತ ಚಿಕ್ಕವನು, ಆಕೆಯ ಕೈಕೆಳಗೇ ಕೆಲಸ ಕಲಿತವನು. "ಅಕ್ಕಾ, ಇದೇ ಕೊನೇದು," ಎಂದ. "ಇದೂ ಹೋದ್ರೆ ಹಾಲ್ ಬೇರೆಯವರಿಗೆ ಕೊಡ್ತಾರೆ. ಟ್ಯೂಬ್ ಹೊರಗಡೆಯಿಂದ ತರಿಸ್ಕೋತಾರಂತೆ."

ಆಕೆಯ ನಿವೃತ್ತಿಗೆ ಹೆಚ್ಚು ದಿನವಿರಲಿಲ್ಲ. ದೊಡ್ಡ ಆಸೆಗಳೆಲ್ಲ ಒಂದೊಂದೇ ಸವೆದು ಒಂದು ಮಾತ್ರ ಉಳಿದಿತ್ತು: ಒಂದೇ ಒಂದು ಕೊಳವೆ ಆ ಹಾಲಿನ ಬಾಗಿಲಿನಿಂದ ಇಡಿಯಾಗಿ, ಜೀವಂತವಾಗಿ ಹೊರಗೆ ಹೋಗಬೇಕು. ಕಪಾಟಿಗಲ್ಲ.

ಆಕೆಯ ಗಂಡನದು ಮುಖ್ಯರಸ್ತೆಯ ಬದಿಯಲ್ಲಿ ಗೇಟು, ಗ್ರಿಲ್ಲು ಮಾಡುವ ಅಂಗಡಿ. ಹಿಂದೆ ಪ್ರಯೋಗಶಾಲೆಯ ಕಾಂಪೌಂಡಿಗೆ ಕಂಬಿ ಕೂರಿಸಲು ಬಂದಾಗ ಪರಿಚಯವಾದದ್ದು. ಆಗ ಆಕೆ ಕೊಳವೆಯ ಬಿಡಿಭಾಗಗಳನ್ನು ಕುಲುಮೆಯಲ್ಲಿಟ್ಟು ಬೆಸೆಯುತ್ತಿದ್ದಳು. ಈಗಲೂ ನಾಜೂಕಿನ ಬೆಸುಗೆ ಇದ್ದರೆ ಆಕೆಯೇ ಮಾಡಬೇಕು. "ಇಬ್ಬರದೂ ಬೆಸೆಯೋ ಕೆಲಸವೇ," ಎನ್ನುತ್ತಿದ್ದ ಆತ. "ಇವಳ ಬೆಸುಗೇಲಿ ಗಾಳಿ ತೂರಲ್ಲ, ನನ್ನ ಬೆಸುಗೇಲಿ ಕಳ್ಳ ತೂರಲ್ಲ." ಕೊಳವೆಯ ಕಿಟಕಿಗೆ ಹಾಕುವ ಬಿಲ್ಲೆ ಕಾರ್ಖಾನೆಯಲ್ಲಿ ಬೆಳೆಸಿದ ವಜ್ರ ಅಂತ ಗೊತ್ತಾದ ದಿನ ಮಾತ್ರ ಆತನ ಮುಖ ಸಣ್ಣದಾಗಿತ್ತು. "ನಿನ್ನ ಓಲೆಗೊಂದು ಹರಳು ಹಾಕಿಸೋಕೆ ನನ್ನ ಕೈಲಿ ಆಗ್ಲಿಲ್ಲ. ಆ ಕೊಳವೆಗೆ ಅಂಗೈಯಗಲದ ವಜ್ರ," ಅಂದಿದ್ದ. ಆಕೆ ಅದನ್ನು ತಮಾಷೆ ಅಂದುಕೊಂಡಳು. ಅದು ತಮಾಷೆಯಾಗಿರಲಿಲ್ಲ.

ಆಕೆಯ ಮಂಡಿ ಹಾಳಾಗಿತ್ತು. ಕೊಳವೆಯನ್ನು ಅಯಸ್ಕಾಂತದ ಸರಿನಡುವಿಗೆ ಕೂರಿಸುವ ನಡುಮಟ್ಟದ ತಿರುಪುಗಳನ್ನು ಮುಟ್ಟಲು ಮರದ ಕಿರಿದಾದ ಏಣಿ ಹತ್ತಬೇಕು. ಹತ್ತುವಾಗ ಮೆಟ್ಟಿಲಿಗೊಂದು ಉಸ್ಸಪ್ಪಾ, ಇಳಿಯುವಾಗ ಇನ್ನೊಂದು. ಮನೆಗೆ ಬಂದು ಮಂಚದ ಮೇಲೆ ಕಾಲು ಚಾಚಿದರೆ ಮಂಡಿ ಊದಿಕೊಂಡಿರುತ್ತಿತ್ತು. ಗಂಡ ಬಿಸಿನೀರಿನ ಚೀಲ ತಂದಿಡುತ್ತಾ ಒಂದು ದಿನ, "ನಾನೊಂದು ಅಗಲವಾದ ಮೆಟ್ಟಿಲು ಮಾಡ್ಕೊಡ್ತೀನಿ ಕಣೇ. ಎರಡೂ ಕಡೆ ಹಿಡಿಕೆ ಇಟ್ಟು," ಎಂದ.

"ಕಬ್ಬಿಣ ಕೂಡದು ರೀ. ಅಲ್ಲಿ ಅಯಸ್ಕಾಂತ ಇದೆ."

"ಅಲ್ಯೂಮಿನಿಯಂ?"

"ಅದಾದ್ರೆ ಪರವಾಗಿಲ್ಲ."

"ಅಲ್ಯೂಮಿನಿಯಂ ಪಾತ್ರೆ ಮಾಡೋ ಲೋಹ, ಮನುಷ್ಯರು ನಿಲ್ಲೋ ಲೋಹ ಅಲ್ಲ," ಎಂದು ಆತ ಗೊಣಗಿದ. ಆದರೂ ಒಪ್ಪಿದ.

ಮೆಟ್ಟಿಲು ತಂದ ದಿನ ಆತ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಂದಿದ್ದ. ಇಷ್ಟು ವರ್ಷದಲ್ಲಿ ಹಾಲಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಬಾಗಿಲಲ್ಲಿ ಮರದ ತಟ್ಟೆಯೊಂದಿತ್ತು. ಒಳಗೆ ಹೋಗುವವರು ಕೀಲಿಕೈ, ಬೆಲ್ಟು, ತಲೆಯ ಪಿನ್ನು ಎಲ್ಲ ಅದರಲ್ಲಿ ಇಡಬೇಕು. ಪಕ್ಕದಲ್ಲೇ ದಾರಕ್ಕೆ ಕಟ್ಟಿದ ಪುಟ್ಟ ಅಯಸ್ಕಾಂತ ನೇತಾಡುತ್ತಿತ್ತು. ಹೊಸದಾಗಿ ಏನೇ ಬಂದರೂ ಅದನ್ನು ತಾಗಿಸಿ ನೋಡಬೇಕು. ಅಂಟಿಕೊಂಡರೆ ಒಳಗೆ ಪ್ರವೇಶವಿಲ್ಲ. ದೊಡ್ಡ ಅಯಸ್ಕಾಂತವನ್ನು ತಣ್ಣಗಿಡಲು ದ್ರವ ಹೀಲಿಯಂ ತುಂಬಿಸುವ ಬೋಳುತಲೆಯ ಹಿರಿಯನಿಗೆ ಹೀಲಿಯಂ ಮಾವ ಅಂತ ಹೆಸರು. ಆತನೇ ದಾರ ಹಿಡಿದು ಮೆಟ್ಟಿಲ ಹಲಗೆಗಳಿಗೆ ಅಲ್ಲೊಮ್ಮೆ ಇಲ್ಲೊಮ್ಮೆ ತಾಗಿಸಿದ. ಅಂಟಲಿಲ್ಲ. "ಒಳ್ಳೇ ಕೆಲಸ ಅಳಿಯಂದ್ರೇ!" ಎಂದು ಬೆನ್ನು ತಟ್ಟಿದ. ಮುಖ್ಯಸ್ಥ ಕೈ ಕುಲುಕಿದ. ಆಮೇಲೆ ಬಹಳ ದಿನ ಆತ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ: "ನಾನು ಮಾಡಿದ ಮೆಟ್ಟಿಲ ಮೇಲೆ ನಿಂತು ಸೂರ್ಯನಿಗೆ ಕೆಲಸ ಮಾಡ್ತಾರೆ ಸ್ವಾಮಿ."

ಮೆಟ್ಟಿಲು ನಿಜಕ್ಕೂ ಸೊಗಸಾಗಿತ್ತು. ಅಗಲವಾದ ಹಲಗೆ, ಹಿಡಿಕೆಗೆ ಸುತ್ತಿದ ರಬ್ಬರು, ಕಾಲಿಗೆ ರಬ್ಬರಿನ ಬೂಟು. ಹತ್ತಿ ನಿಂತರೆ ಬಂಡೆಯ ಮೇಲೆ ನಿಂತ ಹಾಗೆ, ಎಳ್ಳಷ್ಟೂ ಅಲ್ಲಾಡುತ್ತಿರಲಿಲ್ಲ. ಆಕೆ ಮನೆಗೆ ಬಂದು ಹಾಗೆಂದೇ ಹೇಳಿದಳು. ಆತನ ಮುಖ ಅರಳಿತು.

ಐದನೆಯ ಕೊಳವೆಯನ್ನು ಅಯಸ್ಕಾಂತದೊಳಗೆ ಇಳಿಸಿದ್ದೂ ಅದೇ ವಾರ. ಮೊದಲಿಗೆ ಎಲ್ಲ ಚೆನ್ನಾಗಿತ್ತು. ಶಕ್ತಿ ಏರಿಸಿದಂತೆ ತೊಂದರೆ ಶುರುವಾಯಿತು. ಎಲೆಕ್ಟ್ರಾನುಗಳು ಬಳೆಯ ಆಕಾರದಲ್ಲಿ ಏರುತ್ತವೆ; ಆ ಬಳೆ ತಾಮ್ರದ ಕುತ್ತಿಗೆಯ ಸರಿಯಾದ ನಡುವಿನಲ್ಲೇ ಹೋಗಬೇಕು. ಕೂದಲೆಳೆಯಷ್ಟು ಸರಿದರೂ ಗೋಡೆಗೆ ಬಡಿದು ಕಿಡಿ ಹಾರುತ್ತದೆ. ಅದು ಸರಿಯುತ್ತಿತ್ತು. ಕಿಟಕಿಯ ಮುಂದೆ, ಬಿಸಿ ತಗುಲಿದರೆ ಕಪ್ಪಾಗುವ ಕಾಗದ ಹಿಡಿದು ನೋಡಿದರು. ಅಂಗಡಿಯ ಬಿಲ್ಲಿಗೆ ಬಳಸುವಂಥದೇ ಕಾಗದ. ನಾಣ್ಯದ ಹಾಗೆ ದುಂಡಗೆ ಬರಬೇಕಿದ್ದ ಕಲೆ ಗೋಡಂಬಿಯ ಹಾಗೆ ಸೊಟ್ಟಗೆ ಬಂತು.

ಆಕೆ ಮೆಟ್ಟಿಲು ಹತ್ತಿ ತಿರುಪುಗಳನ್ನು ಸರಿಮಾಡಿದಳು. ಒಂದೆರಡು ದಿನ ನೆಟ್ಟಗಾಯಿತು. ಕೊಳವೆಯನ್ನು ತಂಪಾಗಿಡುವ ನೀರಿನ ಪೈಪು ನೋಡಲು ಯಾರೋ ಮೆಟ್ಟಿಲನ್ನು, ಏನು ಭಾರವಪ್ಪಾ ಅಂತ ಗೊಣಗುತ್ತಾ, ಪಕ್ಕಕ್ಕೆ ಸರಿಸಿದರು, ಮತ್ತೆ ತಂದಿಟ್ಟರು. ಕಲೆ ಇನ್ನೊಂದು ಕಡೆಗೆ ಸೊಟ್ಟಗಾಯಿತು. ಮತ್ತೆ ಹತ್ತಿದಳು, ಮತ್ತೆ ತಿರುಗಿಸಿದಳು. ಏರಿಸುವುದು, ಕಿಡಿ ಹಾರುವುದು, ಇಳಿಸುವುದು, ಹತ್ತುವುದು, ಇಳಿಯುವುದು. ಹೀಗೆ ತಿಂಗಳುಗಳು ಕಳೆದವು. ವಿದ್ಯುತ್ ಪೂರೈಕೆಯನ್ನು ಶಂಕಿಸಿ ಬಿಚ್ಚಿ ಕಟ್ಟಿದರು, ತಂಪಿನ ನೀರನ್ನು ಶಂಕಿಸಿದರು, ಕೊನೆಗೆ ಒಬ್ಬರನ್ನೊಬ್ಬರು ಶಂಕಿಸತೊಡಗಿದರು. ಊಟದ ಮೇಜಿನಲ್ಲಿ ಮಾತು ನಿಂತಿತು. ಸಂಜೆ ಬಸ್ಸಿನ ಕಿಟಕಿಗೆ ತಲೆ ಆನಿಸಿದರೆ ಆಕೆಗೆ ನಿದ್ದೆ ಬರುತ್ತಿರಲಿಲ್ಲ, ಎಚ್ಚರವೂ ಇರುತ್ತಿರಲಿಲ್ಲ. ಎರಡು ಸಲ ತನ್ನ ನಿಲ್ದಾಣ ದಾಟಿ ಮುಂದೆ ಹೋಗಿದ್ದಳು.

"ಅಯಸ್ಕಾಂತದ ಕ್ಷೇತ್ರವೇ ಎಲ್ಲೋ ವಾಲಿದೆ," ಎಂದು ಆಕೆ ಹೇಳಿ ನೋಡಿದಳು.

ಹೀಲಿಯಂ ಮಾವನಿಗೆ ಸಿಟ್ಟು ಬಂತು. ತನ್ನ ಅಯಸ್ಕಾಂತವನ್ನು ದೂರಿದರೆ ತನ್ನ ಮಗಳನ್ನೇ ದೂರಿದ ಹಾಗೆ ಅವನಿಗೆ. "ಕೊಳವೆ ಹಾಕೋ ಮುಂಚೆ ಅಳೆದಿದೀನಿ ಕಣಮ್ಮಾ. ಗೆರೆ ಹೊಡೆದ ಹಾಗಿದೆ."

ಮಾವ ಹೇಳಿದ್ದು ಸತ್ಯವೇ. ಆತ ಅಳೆದದ್ದು ಮೆಟ್ಟಿಲು ಬರುವ ಮುಂಚೆ.

ಮುಖ್ಯಸ್ಥನೂ ದಣಿದಿದ್ದ. ದಣಿದವರ ನಾಲಿಗೆಗೆ ಲಗಾಮು ಇರುವುದಿಲ್ಲ. "ಅಕ್ಕಾ, ತಪ್ಪು ತಿಳ್ಕೋಬೇಡಿ. ಬುಡದ ಬೆಸುಗೆ ನೀವೇ ಮಾಡಿದ್ದು. ಅದೇ ಸೊಟ್ಟ ಕೂತಿದ್ರೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಗಬಾರದು ನೋಡಿ," ಎಂದುಬಿಟ್ಟ. ಅಂದ ಮೇಲೆ ಅವನೇ ತಲೆ ತಗ್ಗಿಸಿದ. ಆಕೆಗೆ ಕೋಪ ಬರಲಿಲ್ಲ, ಅಳು ಬಂತು, ಅದನ್ನು ನುಂಗಿಕೊಂಡಳು. ಏಕೆಂದರೆ ಅವಳಿಗೂ ಆ ಅನುಮಾನ ಇತ್ತು. ಕಣ್ಣು ಮಂಜಾಗುವ ವಯಸ್ಸು. ಕೈ ನಡುಗಿರಬಹುದೇನೋ.

ಕೊಳವೆಯನ್ನು ಹೊರತೆಗೆದು ಕುಯ್ಯುವುದು ಅಂತ ತೀರ್ಮಾನವಾಯಿತು.

ಆ ದಿನ ಬೆಳಿಗ್ಗೆ ಹೀಲಿಯಂ ಮಾವ ಅಯಸ್ಕಾಂತದ ಕರೆಂಟನ್ನು ನಿಧಾನವಾಗಿ ಇಳಿಸಿ ಸೊನ್ನೆಗೆ ತಂದ. ಅಷ್ಟು ತಿಂಗಳಲ್ಲಿ ಅದು ಆರಿದ್ದು ಅದೇ ಮೊದಲು. ಕ್ರೇನಿನವನನ್ನು ಕರೆಯಲು ಆತ ಹೊರಗೆ ಹೋದ. ಮುಖ್ಯಸ್ಥ ಪಕ್ಕದ ಕೋಣೆಯಲ್ಲಿ ಗರಗಸದವರ ಜೊತೆ ಮಾತಾಡುತ್ತಿದ್ದ. ಆಕೆ ತಿರುಪುಗಳನ್ನು ಸಡಿಲಿಸಲು ಮೆಟ್ಟಿಲು ಹತ್ತಿದಳು. ಇದೇ ಕೊನೆಯ ಸಲ ಅಂದುಕೊಂಡು ಎಂದಿಗಿಂತ ನಿಧಾನವಾಗಿ ಹತ್ತಿದಳು.

ಮೆಟ್ಟಿಲು ಅಲ್ಲಾಡಿತು.

ಆಕೆ ಹಿಡಿಕೆ ಹಿಡಿದು ನಿಂತಳು. ಭಾರವನ್ನು ಎಡಗಾಲಿಗೆ ಹಾಕಿದಳು, ಬಲಗಾಲಿಗೆ ಹಾಕಿದಳು. ಟಕ್, ಟಕ್. ಒಂದು ಕಾಲು ನೆಲಕ್ಕೆ ಊರಿರಲಿಲ್ಲ. ಹಾಲಿನ ನೆಲ ಅಲ್ಲಿ ಕೊಂಚ ತಗ್ಗು. ಅದು ಎಲ್ಲರಿಗೂ ಗೊತ್ತು. ನೆಲ ಡೊಂಕೇ ಸರಿ. ಆದರೆ ನೆಲ ನಿನ್ನೆಯೂ ಡೊಂಕಾಗಿತ್ತಲ್ಲ. ನಿನ್ನೆ ಬಂಡೆಯ ಹಾಗೆ ನಿಂತಿದ್ದದ್ದು ಇವತ್ತೇಕೆ ಅಲ್ಲಾಡುತ್ತಿದೆ? ನಿನ್ನೆಗೂ ಇವತ್ತಿಗೂ ಬದಲಾದದ್ದು ಒಂದೇ. ನಿನ್ನೆ ಅಯಸ್ಕಾಂತ ಹೊತ್ತಿತ್ತು.

ಇಳಿದು ಬಂದು ಬಾಗಿಲಿನ ದಾರವನ್ನು ಬಿಚ್ಚಿ ತಂದಳು. ಹಿಡಿಕೆಯ ಪೈಪಿನ ತುದಿಯಲ್ಲಿ ಪ್ಲಾಸ್ಟಿಕ್ಕಿನ ಮುಚ್ಚಳವಿತ್ತು. ಉಗುರಿನಿಂದ ಅದನ್ನು ಮೀಟಿ ತೆಗೆದು, ಅಯಸ್ಕಾಂತವನ್ನು ಒಳಗೆ ಬಿಟ್ಟಳು. ಟಪ್ ಎಂದು ಕಚ್ಚಿಕೊಂಡಿತು. ಪೈಪಿನ ಒಳಗೆ ಹೆಬ್ಬೆರಳು ಗಾತ್ರದ ಕಬ್ಬಿಣದ ಕಂಬಿ. ಇನ್ನೊಂದು ಪೈಪಿನಲ್ಲೂ ಇತ್ತು. ನಾಲ್ಕೂ ಕಾಲಿನಲ್ಲೂ ಇತ್ತು.

ಆಕೆಗೆ ಎಲ್ಲ ಅರ್ಥವಾಯಿತು. ಆತ ಮಾತು ಉಳಿಸಿಕೊಂಡಿದ್ದ, ಅಲ್ಯೂಮಿನಿಯಮ್ಮಿನಲ್ಲೇ ಮಾಡಿದ್ದ. ಆದರೆ ಪಾತ್ರೆಯ ಲೋಹದ ಮೇಲೆ ಹೆಂಡತಿಯನ್ನು ನಿಲ್ಲಿಸಲು ಮನಸ್ಸು ಒಪ್ಪಿರಲಿಲ್ಲ. ಬಗ್ಗಿ ಮುರಿದು ಬಿದ್ದುಗಿದ್ದರೆ ಅಂತ ಹೆದರಿ, ಯಾರಿಗೂ ಹೇಳದೆ ಒಳಗೆ ಕಂಬಿ ತೂರಿಸಿದ್ದ. ಇಷ್ಟು ದಿನ ಮೆಟ್ಟಿಲನ್ನು ಬಿಗಿಯಾಗಿ ಹಿಡಿದು ನಿಲ್ಲಿಸಿದ್ದು ಅಯಸ್ಕಾಂತ. ಅಯಸ್ಕಾಂತದ ಕ್ಷೇತ್ರವನ್ನು ಸೊಟ್ಟಗೆ ಎಳೆದದ್ದು ಮೆಟ್ಟಿಲು. ಅವಳ ಬೆಸುಗೆ ನೆಟ್ಟಗೇ ಇತ್ತು.

ಸುಮ್ಮನಿರಬಹುದಿತ್ತು. ಮೆಟ್ಟಿಲನ್ನು ಇವತ್ತೇ ಮನೆಗೆ ಸಾಗಿಸಿದರೆ ಯಾರು ಕೇಳುತ್ತಾರೆ? ಕೊಳವೆ ಕುಯ್ದಾಗ ಬೆಸುಗೆ ಸರಿಯಿದೆ ಅಂತ ಕಾಣುತ್ತದೆ, ಅವಳ ಮಾನವೂ ಉಳಿಯುತ್ತದೆ. ಹೇಳಿದರೆ ಆತ ನಗೆಪಾಟಲಾಗುತ್ತಾನೆ. ಇಸ್ತ್ರಿ ಮಾಡಿದ ಆ ಅಂಗಿ, ಬಾಚಿದ ಆ ತಲೆ, ಸೂರ್ಯನ ಆ ಮಾತು ಎಲ್ಲ ಕಣ್ಣಿಗೆ ಕಟ್ಟಿದವು. ಕಪಾಟಿನ ಹೋಳುಗಳೂ ಕಾಣುತ್ತಿದ್ದವು. ಪಕ್ಕದ ಕೋಣೆಯಲ್ಲಿ ಗರಗಸವನ್ನು ಒಮ್ಮೆ ಓಡಿಸಿ ನೋಡಿದ ಸದ್ದು ಬಂತು.

ಆಕೆ ಕುಂಟುತ್ತಾ ಆ ಕೋಣೆಯ ಬಾಗಿಲಿಗೆ ಹೋದಳು. "ಕುಯ್ಯಬೇಡಿ," ಎಂದಳು. "ಮೆಟ್ಟಿಲೊಳಗೆ ಕಬ್ಬಿಣ ಇದೆ. ನಮ್ಮೆಜಮಾನ್ರು ಹಾಕಿದ್ದು. ನಾನು ಬೀಳಬಾರದು ಅಂತ."

ಮುಖ್ಯಸ್ಥ ಬಂದು ನೋಡಿದ. ಮುಚ್ಚಳ ತೆಗೆದ ಪೈಪಿನೊಳಗೆ ಬೆರಳು ಇಟ್ಟ. ಬೈಯುತ್ತಾನೆ ಅಂತ ಆಕೆ ಕಾದಳು. ಅವನು ಅದೇ ಮೆಟ್ಟಿಲಿನ ಕೆಳಗಿನ ಹಲಗೆಯ ಮೇಲೆ ಕುಸಿದು ಕೂತು ಮುಖ ಉಜ್ಜಿಕೊಂಡ. ಅಷ್ಟರಲ್ಲಿ ಹೀಲಿಯಂ ಮಾವ ವಾಪಸ್ಸು ಬಂದ. ವಿಷಯ ತಿಳಿದು ಬೋಳುತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡ.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ವಲ್ಲೋ," ಎಂದ. ಆಮೇಲೆ ಸಣ್ಣ ದನಿಯಲ್ಲಿ, "ಅವತ್ತು ನಾನೇ ಸರಿಯಾಗಿ ನೋಡ್ಲಿಲ್ಲ. ಹಲಗೆಗೆ ತಾಗಿಸಿ ಬಿಟ್ಟೆ. ಹೆಂಡತಿಗೆ ಅಂತ ಅಷ್ಟು ಪ್ರೀತಿಯಿಂದ ಮಾಡ್ಕೊಂಡು ಬಂದಿದಾರೆ, ಅವರೆದುರಿಗೇ ಕಾಲು, ಕೈ ಎಲ್ಲಾ ತಡಕೋದು ಹೇಗೆ ಅಂತ. ದಾಕ್ಷಿಣ್ಯ ಕಣಮ್ಮಾ."

"ಅಕ್ಕಾ, ಅವತ್ತು ನಾನು ಬೆಸುಗೆ ಅಂದಿದ್ದು..." ಎಂದ ಮುಖ್ಯಸ್ಥ.

"ಬಿಡು," ಎಂದಳು ಆಕೆ. "ಒಂದೇ ಮಾತು. ಇದು ಈ ಬಾಗಿಲು ದಾಟಿ ಹೋಗಬಾರದು. ಅವರ ಕಿವಿಗೆ ಬೀಳಬಾರದು."

ಬೀಳಲಿಲ್ಲ. ಮಾವ ಅಯಸ್ಕಾಂತವನ್ನು ಮತ್ತೆ ಹೊತ್ತಿಸಿದ. ಮೆಟ್ಟಿಲನ್ನು ಹಾಲಿನ ಹೊರಗಿನ ಓಣಿಯಲ್ಲಿಟ್ಟು ಮೇಲೆ ಬಟ್ಟೆ ಹೊದಿಸಿದರು. ಆಕೆ ಮತ್ತೆ ಮರದ ಏಣಿ ಹತ್ತತೊಡಗಿದಳು, ಮೆಟ್ಟಿಲಿಗೊಂದು ಉಸ್ಸಪ್ಪಾ. ಮತ್ತೆ ಏರಿಸುವುದು, ಇಳಿಸುವುದು. ಕೊಳವೆ ಸುಲಭಕ್ಕೆ ಮಣಿಯಲಿಲ್ಲ; ಅಷ್ಟು ತಿಂಗಳು ಕಿಡಿ ತಿಂದ ಮೈ ಅದು. ಆದರೆ ಈಗ ಏರಿಸಿದ ಶಕ್ತಿ ಹಿಂದಕ್ಕೆ ಜಾರುತ್ತಿರಲಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಶಕ್ತಿಯಲ್ಲಿ, ಕೇಳಿದಷ್ಟು ಹೊತ್ತೂ ಉರಿದು, ಕಾಗದದ ಮೇಲೆ ದುಂಡನೆಯ ಕಪ್ಪು ಕಲೆ ಬಿಟ್ಟಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾವ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಆಯ್ತು ಅನ್ಸುತ್ತೆ," ಎಂದ. ಮುಖ್ಯಸ್ಥ ಕುರ್ಚಿಯಲ್ಲೇ ಕಣ್ಣು ಮುಚ್ಚಿದ.

ಕೊಳವೆಯನ್ನು ಮರದ ಪೆಟ್ಟಿಗೆಯಲ್ಲಿಟ್ಟು ಲಾರಿಗೆ ಏರಿಸಿದ ದಿನ ಆಕೆ ಬಾಗಿಲಲ್ಲಿ ನಿಂತಿದ್ದಳು. ಕ್ರೇನಿನವನಿಗೆ "ಸಾವಕಾಶ" ಅಂದದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ. ಸಂತೋಷವಾಗುತ್ತದೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದಳು. ಆಗಿದ್ದು ಸಂತೋಷವಲ್ಲ, ಬಹಳ ದೂರ ಹೊತ್ತ ಮೂಟೆ ಇಳಿಸಿದಾಗ ಹೆಗಲು ಇನ್ನೂ ನೋಯುತ್ತಿರುತ್ತದಲ್ಲ, ಅಂಥದ್ದು. ಲಾರಿ ತಿರುವು ದಾಟಿದ ಮೇಲೆ ಓಣಿಗೆ ಹೋಗಿ, ಬಟ್ಟೆ ಸರಿಸಿ, ಅದೇ ಮೆಟ್ಟಿಲ ಮೇಲೆ ಕೂತಳು.

ಅದನ್ನು ಒಂದು ಆಟೋದವನಿಗೆ ಹೇಳಿ ಮನೆಗೆ ತಂದಳು. ಗಂಡ ಅಂಗಡಿ ಮುಚ್ಚಿ ಬಂದಾಗ ಮೆಟ್ಟಿಲು ಅಡುಗೆಮನೆಯಲ್ಲಿ, ಅಟ್ಟದ ಕೆಳಗಿನ ಸಮವಲ್ಲದ ನೆಲದ ಮೇಲೆ ನಿಂತಿತ್ತು.

"ಇದ್ಯಾಕೆ ಬಂತು?"

"ಅಲ್ಲಿ ಕೆಲಸ ಮುಗೀತು. ಟ್ಯೂಬ್ ಹೋಯ್ತು. ಮನೇಲಿ ಅಟ್ಟ ಹತ್ತೋಕೆ ಬೇಕಿತ್ತು, ಕೇಳಿ ತಂದೆ." ಆಟೋದಲ್ಲಿ ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತು. ಮೇಲಿನ ಡಬ್ಬಿ ತೆಗೆಯುವ ನೆಪದಲ್ಲಿ ಹತ್ತಿಯೂ ಬಿಟ್ಟಳು.

ಮೆಟ್ಟಿಲು ಅಲ್ಲಾಡಿತು. ಟಕ್, ಟಕ್.

ಆತ ನೋಡುತ್ತಾ ನಿಂತ. "ಅಲ್ಲಿ ಬಂಡೆ ಥರ ನಿಲ್ಲುತ್ತೆ ಅಂದಿದ್ದೆ?"

"ಅಲ್ಲಿ ಹಿಡ್ಕೊಳ್ಳೋರಿದ್ರು."

ಆತ ಬಗ್ಗಿ ಹಿಡಿಕೆಯ ತುದಿ ನೋಡಿದ. ಪ್ಲಾಸ್ಟಿಕ್ಕಿನ ಮುಚ್ಚಳ ಓರೆಯಾಗಿ ಕೂತಿತ್ತು. ತಾನು ಒತ್ತಿ ಕೂರಿಸಿದ್ದು ಹಾಗಲ್ಲ ಅಂತ ಆತನಿಗೆ ಗೊತ್ತಾಗದೆ ಇರುತ್ತದೆಯೇ? ಅದರ ಮೇಲೆ ಹೆಬ್ಬೆರಳು ಇಟ್ಟು ಬಹಳ ಹೊತ್ತು ಹಾಗೇ ಬಗ್ಗಿಕೊಂಡಿದ್ದ. ಆಕೆ ಮೇಲೆ ನಿಂತು ಡಬ್ಬಿಯ ಮುಚ್ಚಳ ತೆಗೆಯುತ್ತಾ, ಹಾಕುತ್ತಾ ಇದ್ದಳು. ಆ ತಿಂಗಳುಗಳಲ್ಲೆಲ್ಲ ಆಕೆ ಊದಿದ ಮಂಡಿ ಹಿಡಿದು, ಕೊಳವೆ ಸೊಟ್ಟ ಹೋಗ್ತಿದೆ ರೀ, ಯಾಕೋ ಗೊತ್ತಾಗ್ತಿಲ್ಲ ಅಂತ ಹೇಳಿಕೊಂಡಿದ್ದು ಈ ಮನುಷ್ಯನ ಹತ್ತಿರವೇ.

"ಒಳಗಿನ ಕಂಬಿ ತೆಗೆದುಬಿಡ್ಲಾ?" ಎಂದ ಆತ, ತಲೆ ಎತ್ತದೆ.

ಆಕೆ ಡಬ್ಬಿಯನ್ನು ಅಟ್ಟಕ್ಕೆ ತಳ್ಳಿದಳು. "ಬೇಡ," ಎಂದಳು. "ಇಲ್ಲಿ ಅದು ಯಾರಿಗೂ ಅಡ್ಡಿಯಿಲ್ಲ. ಇರ್ಲಿ, ತೆಗೆದ್ರೆ ನಾನು ಬಿದ್ದುಗಿದ್ದೇನು. ಬಂದು ಹಿಡ್ಕೊಳ್ಳಿ ಸ್ವಲ್ಪ, ಇಳೀಬೇಕು."

ಆತ ಎರಡೂ ಕೈಯಲ್ಲಿ ಮೆಟ್ಟಿಲನ್ನು ಹಿಡಿದುಕೊಂಡ. ಅದು ನಿಂತಿತು. ಆಕೆ ನೋಯುವ ಕಾಲನ್ನು ಮೊದಲು ಕೆಳಗಿಟ್ಟಳು.